ಮೈಗೆ ಹಗ್ಗ ಕಟ್ಟದ ರೇವಮ್ಮ

ಅಫಜಲಪುರದ ಸುತ್ತಮುತ್ತ ಎಮ್ಮೆ ಕೊಳ್ಳಲು ಗಂಡನ ಜೊತೆ ಹೆಂಡತಿಯೂ ಹೋದರೆ ಜನ ಅದನ್ನು ಜಾಣತನ ಎನ್ನುತ್ತಾರೆ. ಗಂಡಸು ಕೊಂಬು ನೋಡಿ ಮರುಳಾಗುತ್ತಾನೆ, ಹೆಂಗಸು ಕೆಚ್ಚಲು ನೋಡುತ್ತಾಳೆ. ಆದರೆ ಖಂಡಪ್ಪ ಅಂಬಿಗೇರ ತನ್ನ ಹೆಂಡತಿ ರೇವಮ್ಮನನ್ನು ಕರೆದುಕೊಂಡು ದೋಣಿ ನೋಡಲು ರತ್ನಾಗಿರಿಗೆ ಹೊರಟಾಗ, ಭೀಮಾ ದಂಡೆಯ ಅವರ ಊರಿನವರು ಬಸ್ಸು ಹೊರಡುವ ತನಕವೂ ಕಾಯಲಿಲ್ಲ, ಎದುರಿಗೇ ನಕ್ಕರು. ತೊಗರಿ ಬೆಳೆಯುವ ನಾಡಿನಲ್ಲಿ ಸಮುದ್ರದ ದೋಣಿ ಕಟ್ಟಿಕೊಂಡು ಏನು ಮಾಡುತ್ತಾರೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಖಂಡಪ್ಪನ ಹತ್ತಿರ ಇರಲಿಲ್ಲ, ರೇವಮ್ಮನ ಹತ್ತಿರ ಇತ್ತು. ಆಕೆಯನ್ನು ಯಾರೂ ಕೇಳಲಿಲ್ಲ.

ರೇವಮ್ಮ ಜೇವರ್ಗಿ ತಾಲ್ಲೂಕಿನವಳು, ಅದೇ ಭೀಮೆಯ ಕೆಳಗಿನ ದಂಡೆಯವಳು. ಅಪ್ಪ ಹರಗೋಲು ಹಾಕಿ ಜನರನ್ನು, ಕುರಿಗಳನ್ನು, ಮದುವೆಯ ದಿಬ್ಬಣಗಳನ್ನು ದಾಟಿಸುತ್ತಿದ್ದ. ನಡೆಯಲು ಕಲಿಯುವ ಮೊದಲೇ ಈಜು ಕಲಿತವಳು ಎಂದು ತವರಿನವರು ಆಕೆಯ ಬಗ್ಗೆ ಹೇಳುತ್ತಾರೆ. ತವರಿನವರ ಮಾತು, ಅರ್ಧ ನಂಬಿದರೆ ಸಾಕು. ಖಂಡಪ್ಪನನ್ನು ಮದುವೆಯಾಗಿ ಮುಂಬೈಗೆ ಹೋದಳು. ಅವನು ಅಲ್ಲಿ ಶ್ರೀಮಂತರ ಹಾಯಿದೋಣಿಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿ, ಮುಂದೆ ಆ ದೋಣಿಗಳನ್ನು ಗೋವಾಕ್ಕೋ ಕೊಚ್ಚಿಗೋ ಸಮುದ್ರದ ಮೇಲೆ ಒಯ್ದು ಮುಟ್ಟಿಸುವ ಆಳಾದ. ಇವಳು ಚಾಳಿನ ಖೋಲಿಯಲ್ಲಿ ಕುಳಿತು ನಮ್ಮ ಕಡೆಯ ಕೂಲಿಕಾರರಿಗೆ ರೊಟ್ಟಿ ಬಡಿದು ಮಾರುತ್ತಿದ್ದಳು. ಅವನು ತಿರುಗಿ ಬಂದ ದಿನ ಒಲೆಯ ಮುಂದೆ ಕುಳಿತು ಹೇಳುತ್ತಿದ್ದ, ಒಂದು ಹೊತ್ತಿನ ನಂತರ ನೆಲವೇ ಕಾಣುವುದಿಲ್ಲ, ಯಾವ ಕಡೆ ನೋಡಿದರೂ ನೀರು ಎಂದು. ಆ ಮಾತು ಕೇಳಿದಾಗಲೆಲ್ಲ ಆಕೆಯ ಕೈಯ ರೊಟ್ಟಿ ನಿಂತುಬಿಡುತ್ತಿತ್ತು. ಹೊಳೆಯ ಮಗಳಿಗೆ ಎರಡು ದಂಡೆ ಇಲ್ಲದ ನೀರು ಗೊತ್ತೇ ಇರಲಿಲ್ಲ.

"ನನ್ನೂ ಒಮ್ಮೆ ಕರ್ಕೊಂಡು ಹೋಗ್ರಿ," ಎಂದಿದ್ದಳು. "ದಂಡಿ ಕಾಣದಂಥ ನೀರು ನೋಡಬೇಕು ನಾ."

ಮಂದಿಯ ದೋಣಿಯಲ್ಲಿ ಹೆಂಡತಿಯನ್ನು ಕೂರಿಸುವಂತಿರಲಿಲ್ಲ. ಆಸೆ ಹಾಗೇ ಉಳಿಯಿತು. ಮಗಳ ಮದುವೆ ಮುಗಿಸಿ ಊರಿಗೆ ಮರಳಿ, ಹೊಲ ನೋಡಿಕೊಂಡು, ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡು ಇರುವಾಗ ಖಂಡಪ್ಪನಿಗೆ ಹಳೆಯ ಗೆಳೆಯನೊಬ್ಬ ಫೋನು ಮಾಡಿದ. ರತ್ನಾಗಿರಿಯಲ್ಲಿ ಎರಡು ಹಳೆ ಹಾಯಿದೋಣಿಗಳು ಬಿದ್ದಿವೆ, ಬಂದು ನೋಡು ಎಂದ.

ಒಂದು ಬೆಳ್ಳಗೆ ಉದ್ದಗೆ ಇತ್ತು. ಹಿಂದೆ ಅಗಲ, ಒಳಗೆ ವಿಶಾಲ, ಕಿಟಕಿಗಳು ದೊಡ್ಡವು. ಓಟಕ್ಕೆ ಹೇಳಿ ಮಾಡಿಸಿದ್ದು. ಖಂಡಪ್ಪನ ಕಣ್ಣು ಅದರ ಮೇಲೆ ನೆಟ್ಟಿತು, ಅಂದರೆ ಕೊಂಬಿನ ಮೇಲೆ. ಇನ್ನೊಂದು ಗಿಡ್ಡ, ಡೊಳ್ಳು ಹೊಟ್ಟೆ, ಕಪ್ಪು ನೀಲಿ ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ಕಿಟಕಿ ಅಂದರೆ ಅಂಗೈ ಅಗಲ. ಕೂರುವ ಜಾಗ ಇಬ್ಬರ ಮೊಣಕಾಲು ತಾಗುವಷ್ಟು. ರೇವಮ್ಮ ಎರಡರ ಸುತ್ತಲೂ ತಿರುಗಿದಳು. ಸಂತೆಯಲ್ಲಿ ಗಡಿಗೆ ಕೊಳ್ಳುವವಳಂತೆ ಬೆರಳ ಗೆಣ್ಣಿನಿಂದ ಮೈಯುದ್ದಕ್ಕೂ ಬಡಿದು ಕಿವಿಗೊಟ್ಟಳು. ಬಿಳಿಯದು ಒಂದೆರಡು ಕಡೆ ಸತ್ತ ದನಿ ಕೊಟ್ಟಿತು, ಒಳಗೆ ನೀರು ಕುಡಿದಿತ್ತು. ಕಪ್ಪನೆಯದು ಎಲ್ಲ ಕಡೆಯೂ ಒಂದೇ ಸಮನೆ ಗಟ್ಟಿಯಾಗಿ ನುಡಿಯಿತು.

"ಮಗುಚಿದ್ರ ಏಳ್ತದೇನ್ರಿ ಇದು?" ಎಂದು ಕೇಳಿದಳು.

"ಏಳ್ತದ. ತಳದಾಗ ತನ್ನ ಅರ್ಧ ತೂಕದಷ್ಟು ಕಬ್ಬಿಣ ಅದ. ಅದು ಕೆಳಗ ಎಳೀತದ, ಮೈ ಮ್ಯಾಲ ಬರ್ತದ."

"ಆ ಬಿಳೀದು?"

ಖಂಡಪ್ಪ ತಲೆ ಕೆರೆದುಕೊಂಡ. "ಅದೂ ಏಳ್ತದ. ಸ್ವಲ್ಪ ವಿಚಾರ ಮಾಡಿ ಏಳ್ತದ."

"ಹಂಗಾದ್ರ ಎಮ್ಮಿನೇ ಇರಲಿ," ಎಂದಳು ರೇವಮ್ಮ. ಅಂದಿನಿಂದ ಆ ದೋಣಿಯ ಹೆಸರು ಎಮ್ಮೆ.

ಆಳಂದದಿಂದ ಬೇಳೆ ಒಯ್ದು ಖಾಲಿ ಬರುತ್ತಿದ್ದ ಲಾರಿಯ ಮೇಲೆ ಎಮ್ಮೆ ಊರಿಗೆ ಬಂತು. ಕರಾವಳಿಯಲ್ಲಿ ಬಾಡಿಗೆ ಜಾಗದಲ್ಲಿಟ್ಟು ರಿಪೇರಿ ಮಾಡಿಸುವ ಬದಲು ಮನೆಯಲ್ಲೇ ಮಾಡಿಕೊಂಡು, ಬ್ಯಾರೇಜಿನ ಹಿನ್ನೀರಿನಲ್ಲಿ ಪರೀಕ್ಷೆ ಮಾಡಿ, ದೀಪಾವಳಿ ಮುಗಿದ ಮೇಲೆ ಸಮುದ್ರಕ್ಕೆ ಒಯ್ಯುವುದು ಖಂಡಪ್ಪನ ಲೆಕ್ಕಾಚಾರ. ರತ್ನಾಗಿರಿ ಬಿಟ್ಟು, ನೆಲ ಮರೆಯಾಗುವಷ್ಟು ದೂರ ಹೋಗಿ, ಕಾರವಾರಕ್ಕೆ ಇಳಿಯುವುದು. ದೋಣಿ ಅವರ ಕಣದಲ್ಲಿ ಮರದ ಊರುಗೋಲುಗಳ ಮೇಲೆ ನಿಂತಿತು. ಖಂಡಪ್ಪ ಜೋಳದ ಹೊಲಕ್ಕೆ ಹಡಗು ಬಿಟ್ಟಾನ ಎಂದು ನಿಂಬರ್ಗಾದ ತನಕ ಮಾತಾಯಿತು. ಆಳಂದದಲ್ಲಿ ಶಾಮಿಯಾನ, ತಾಡಪತ್ರಿ ಹೊಲಿಯುವ ಜಹೀರುದ್ದೀನ ಖಂಡಪ್ಪನ ಬಾಲ್ಯದ ಗೆಳೆಯ. ಹರಿದ ಹಾಯಿಗಳಿಗೆ ಅವನೇ ತೇಪೆ ಹಾಕಿದ. ಜೊತೆಗೆ ಖಂಡಪ್ಪ ಹೇಳಿದ ಹಾಗೆ ಎರಡು ಎದೆಪಟ್ಟಿಗಳನ್ನೂ ಹೊಲಿದು ತಂದ. ಭುಜದ ಮೇಲಿಂದ ಬಂದು ಎದೆಗೆ ಬಿಗಿಯುವ ದಪ್ಪ ಪಟ್ಟಿ, ಅದಕ್ಕೊಂದು ಉಕ್ಕಿನ ಕೊಂಡಿ, ಕೊಂಡಿಗೆ ಮಾರುದ್ದ ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಗೆ.

ರೇವಮ್ಮ ತನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಮುಖ ಕಪ್ಪಿಟ್ಟಿತು.

ಹರಗೋಲಿನವರು ಮೈಗೆ ಹಗ್ಗ ಕಟ್ಟುವುದಿಲ್ಲ. ಅದು ಆ ದಂಡೆಯ ಕಟ್ಟಳೆ. ಮಗುಚಿದರೆ ಹರಗೋಲು ಹರಗೋಲಿನ ದಾರಿಗೆ, ಮನುಷ್ಯ ಮನುಷ್ಯನ ದಾರಿಗೆ ಹೋಗಬೇಕು. ಆಕೆಯ ಅಪ್ಪ ಒಂದೇ ಒಂದು ಸಲ ಅದನ್ನು ಮೀರಿದ್ದ. ಪ್ರವಾಹದಲ್ಲಿ ಹರಗೋಲು ಕಳೆದುಕೊಳ್ಳಬಾರದೆಂದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಹರಗೋಲು ನೀರಿನಲ್ಲಿ ಮುಳುಗಿದ್ದ ಜಾಲಿಮರಕ್ಕೆ ಬಡಿದು ಮಗುಚಿತು, ಹಗ್ಗ ಕೊಂಬೆಗೆ ಸಿಕ್ಕಿತು. ನೀರು ಇಳಿದ ಮೇಲೆ ಅವನನ್ನು ಬಿಡಿಸಲು ಗಂಟು ಬಿಚ್ಚಲಾಗದೆ ಕುಡಗೋಲಿನಿಂದ ಕೊಯ್ಯಬೇಕಾಯಿತು. ಆಗ ಇನ್ನೂ ಪರಕಾರ ಉಡುವ ಹುಡುಗಿಯಾಗಿದ್ದ ರೇವಮ್ಮ ಅದನ್ನೆಲ್ಲ ನಿಂತು ನೋಡಿದ್ದಳು.

"ನಾ ಇದನ್ನ ಕಟ್ಕೊಳ್ಳಂಗಿಲ್ಲ," ಎಂದಳು. "ನೀವೂ ಕಟ್ಕೊಳ್ಳಬಾರದು. ಮೈಗೆ ಕಟ್ಟೋ ಹಗ್ಗ ಇದ್ದ ದೋಣಿಗೆ ನಾ ಕಾಲಿಡಂಗಿಲ್ಲ."

"ಸಮುದ್ರ ಬ್ಯಾರೆ ರೇವಿ," ಎಂದ ಖಂಡಪ್ಪ ಮೆಲ್ಲಗೆ. "ಅಲ್ಲಿ ಬಿದ್ದವ್ನ ಬಿಟ್ಟು ದೋಣಿ ಮುಂದ ಹೋಗ್ತದ. ನೀರಾಗ ಮನುಷ್ಯನ ತಲಿ ಅಂದ್ರ ತೆಂಗಿನಕಾಯಿ. ಒಮ್ಮೆ ಕಣ್ಣು ತಪ್ಪಿತು ಅಂದ್ರ ಸಿಗಂಗಿಲ್ಲ."

"ನಮ್ಮಪ್ಪಗೂ ಹಿಂಗ ಏನೋ ಕಾರಣ ಇತ್ತು."

ಹಗ್ಗ ಕಟ್ಟುವುದಿಲ್ಲ ಎಂದು ಖಂಡಪ್ಪ ಮಾತು ಕೊಟ್ಟ. ಹೊಳೆಯ ಪರೀಕ್ಷೆಗೆ ಪಟ್ಟಿ ಬೇಡ, ಸಮುದ್ರದ ಮಾತು ಸಮುದ್ರಕ್ಕೆ ನೋಡೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ರೇವಮ್ಮ ತನ್ನ ಪಟ್ಟಿಯನ್ನು ಹಿತ್ತಲಿಗೆ ಒಯ್ದು ಮನೆಯ ನಿಜವಾದ ಎಮ್ಮೆಯ ಕೊರಳಿಗೆ ಕಟ್ಟಿದಳು. ಗಟ್ಟಿ ಪಟ್ಟಿ, ಎಮ್ಮೆಗೆ ಒಪ್ಪುತ್ತಿತ್ತು ಎಂದು ಜಹೀರುದ್ದೀನನೇ ಹೇಳಿದ, ಆದರೆ ಅವನ ನಗು ತುಟಿಯಿಂದ ಆಚೆ ಹೋಗಲಿಲ್ಲ.

ಮಿಕ್ಕಿದ್ದನ್ನೆಲ್ಲ ರೇವಮ್ಮ ಶ್ರದ್ಧೆಯಿಂದ ಕಲಿತಳು. ಕಣದ ನಡುವೆ ರಾಶಿ ತುಳಿಸುವ ಕಾಲದ ಮೇಟಿ ಕಂಬ ಇನ್ನೂ ಇತ್ತು. ಖಂಡಪ್ಪ ಅದನ್ನು ತೋರಿಸಿ ಹೇಳಿದ, ಇದು ನೀರಿಗೆ ಬಿದ್ದ ಮನುಷ್ಯ, ನೀನು ದೋಣಿ. ಹಂತಿ ಕಟ್ಟಿದ ಎತ್ತು ತಿರುಗುವ ಹಾಗೆ ಕಂಬದ ಸುತ್ತ ತಿರುಗು, ಕಣ್ಣು ಕಂಬ ಬಿಡಬಾರದು. ತಿರುಗುವುದನ್ನು ನಡುವೆ ನಿಲ್ಲಿಸಬೇಡ, ಸುತ್ತು ಪೂರ್ತಿ ಮಾಡಿ ಮೂಗನ್ನು ಗಾಳಿಯ ಆಚೆಗೆ ದಾಟಿಸು. ಮುಂದಿನ ಸಣ್ಣ ಹಾಯಿಯ ಹಗ್ಗ ಮುಟ್ಟಬೇಡ. ಆ ಹಾಯಿ ಗಾಳಿಯನ್ನು ಉಲ್ಟಾ ತುಂಬಿಕೊಂಡು ದೋಣಿಯನ್ನು ತಡೆಯುತ್ತದೆ. ಆಮೇಲೆ ಚುಕ್ಕಾಣಿಯ ಕೋಲನ್ನು ಗಾಳಿ ಹೋಗುವ ಕಡೆಗೆ ನೂಕಿ ಕಟ್ಟಿಬಿಡು. ಎಂಥ ಗಾಳಿಯಲ್ಲೂ ದೋಣಿ ತಲೆ ತಗ್ಗಿಸಿ ನಿಂತುಬಿಡುತ್ತದೆ. ರೇವಮ್ಮ ಸೆರಗು ಸಿಕ್ಕಿಸಿ, ಗಾಳಿಯ ದಿಕ್ಕಿಗೆ ಒಂದು ಚಿಂದಿ ಕಟ್ಟಿದ ಕೋಲು ಹಿಡಿದು, ದಿನವೂ ಸಂಜೆ ಕಂಬ ಸುತ್ತಿದಳು. ಯಾವ ದೇವರಿಗೆ ಹರಕೆ ಹೊತ್ತಿ ಎಂದು ಓಣಿಯ ಹೆಂಗಸರು ಕೇಳಿದರು.

ಇನ್ನೊಂದು ಪಾಠ ಮಾತ್ರ ಆಕೆಯ ತಲೆಗೆ ಹೋದರೂ ಮೈಗೆ ಇಳಿಯಲಿಲ್ಲ.

"ಗಾಳಿ ಬಂತಂದ್ರ ದಂಡಿ ಕಡೆ ಓಡಬಾರದು," ಎಂದಿದ್ದ ಖಂಡಪ್ಪ. "ಸಮುದ್ರದಾಗ ದೋಣಿ ಒಡಿಯೋದು ನೀರಾಗಲ್ಲ, ದಂಡಿಯಾಗ."

"ತಿಳೀತ್ರಿ," ಎಂದಿದ್ದಳು. ಆದರೆ ಗಾಳಿ ಎದ್ದರೆ ದಂಡೆ ಹಿಡಿ ಎಂಬುದು ಆಕೆ ಅಪ್ಪನ ಹೆಗಲ ಮೇಲೆ ಕೂತು ಕಲಿತದ್ದು.

ಹಿಂಗಾರಿನ ದಿನಗಳು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕ್ರೇನು ತರಿಸಿ ಎಮ್ಮೆಯನ್ನು ಹಿನ್ನೀರಿಗೆ ಇಳಿಸಿದರು. ರೇವಮ್ಮ ಹೊಳೆಗೆ ಉಡಿ ತುಂಬಿದಳು. ಮೀನು ಹಿಡಿಯುವ ಮಾಳಿಂಗ ಕಾಕಾ ಕಾಯಿ ಒಡೆದ. ಹರಗೋಲಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಮುದುಕ ಅವನು. ಅರ್ಧ ಊರು ದಂಡೆಯಲ್ಲಿ ನೆರೆದಿತ್ತು. ಜಹೀರುದ್ದೀನ ತಾನು ತೇಪೆ ಹಾಕಿದ ಹಾಯಿ ಗಾಳಿ ತುಂಬಿಕೊಳ್ಳುವುದನ್ನು ನೋಡಲು ಅಂಗಡಿ ಮುಚ್ಚಿ ಬಂದಿದ್ದ.

ಮಧ್ಯಾಹ್ನದ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಮೂಡಣ ಗಾಳಿ ಹಿತವಾಗಿತ್ತು. ಚುಕ್ಕಾಣಿ ರೇವಮ್ಮನ ಕೈಯಲ್ಲಿತ್ತು. ದಂಡೆಯ ಮೇಲಿನ ಜನ ಕೈ ಬೀಸುತ್ತಿದ್ದರು. ಖಂಡಪ್ಪ ಮದುಮಗನಂತೆ ಬೀಗುತ್ತಿದ್ದ. ತೇಲುವ ಜಾಕೀಟನ್ನು ಸೆಕೆ ಎಂದು ಬಿಚ್ಚಿ ಒಳಗೆ ಎಸೆದಿದ್ದ. ಮೂಡಣದಲ್ಲಿ ಮೋಡ ಕಟ್ಟುವುದನ್ನು ಇಬ್ಬರೂ ಕಂಡರು. ಹಾಯಿ ಗಿಡ್ಡ ಮಾಡಬೇಕೇನೋ ಎಂದು ಮನಸ್ಸಿಗೆ ಬಂದ ಕೂಡಲೇ ಮಾಡಿಬಿಡಬೇಕು ಎಂದು ಹೆಂಡತಿಗೆ ಹೇಳಿಕೊಟ್ಟವನು ಅವನೇ. ಆದರೆ ಊರೆಲ್ಲ ನೋಡುತ್ತಿರುವಾಗ ಹಾಯಿ ಇಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಹೇಳುವುದು ವೇದಾಂತ, ಮಾಡುವುದು ಬೇರೆ.

ಗಾಳಿ ಒಮ್ಮೆಲೇ ಹೊಡೆಯಿತು. ನೀರು ಕಪ್ಪಾಗಿ, ಅದರ ಮೇಲೆ ಮಳೆಯ ಬಿಳಿ ಗೋಡೆ ನಡೆದು ಬಂತು. ದೋಣಿ ಒಂದು ಮಗ್ಗುಲಿಗೆ ವಾಲಿ, ಕೂತ ಜಾಗಕ್ಕೆ ನೀರು ನುಗ್ಗಿತು.

"ಹಂಗ ಹಿಡಕೊಂಡಿರು. ತಿರುಗಿಸಬ್ಯಾಡ," ಎಂದು ಹೇಳಿ ಖಂಡಪ್ಪ ಹಾಯಿ ಇಳಿಸಲು ಹಾಯಿಕಂಬದ ಹತ್ತಿರ ಹೋದ.

ರೇವಮ್ಮ ಹಿಡಿದುಕೊಂಡಳು. ಆದರೆ ಪಡುವಣ ದಂಡೆ ಎಷ್ಟು ಹತ್ತಿರ ಕಾಣುತ್ತಿತ್ತು. ಗಾಳಿ ಅತ್ತಲೇ ಬೀಸುತ್ತಿತ್ತು. ಚುಕ್ಕಾಣಿಯ ಕೋಲನ್ನು ಸ್ವಲ್ಪ ಎಳೆದರೆ ಸಾಕು, ಗಾಳಿಯೇ ಒಯ್ದು ದಂಡೆಗೆ ಬಿಡುತ್ತದೆ ಎಂದು ಮೈಯೊಳಗಿನ ಹಳೆಯ ಹೊಳೆ ಹೇಳಿತು. ಆಕೆಗೆ ಗೊತ್ತಾಗುವ ಮೊದಲೇ ಕೈ ಎಳೆದಿತ್ತು. ದೋಣಿ ದಂಡೆಯ ಕಡೆ ಹೊರಳಿತು. ಗಾಳಿ ಹಾಯಿಯ ಬೆನ್ನು ಹಿಡಿಯಿತು. ಹಾಯಿಯ ಕೆಳಗಿನ ಅಡ್ಡಗೋಲು ಈ ಕಡೆಯಿಂದ ಆ ಕಡೆಗೆ ಗುಡುಗಿನಂತೆ ಬೀಸಿ ಬಂದು ಖಂಡಪ್ಪನ ಹೆಗಲಿಗೆ ಬಡಿಯಿತು. ಅವನು ಕೂಗಲೂ ಇಲ್ಲ. ಇದ್ದ ಜಾಗದಲ್ಲಿ ಇರಲಿಲ್ಲ, ಅಷ್ಟೆ.

ದೋಣಿ ಮುಂದೆ ಹೋಯಿತು. ಅವನು ಹೇಳಿದ್ದ ಹಾಗೆಯೇ.

ರೇವಮ್ಮ ತಿರುಗಿ ನೋಡಿದಳು. ಅಲೆಗಳ ನಡುವೆ ತಲೆಯೊಂದು ಕಂಡಿತು, ಮುಳುಗಿತು, ಮತ್ತೆ ಕಂಡಿತು. ಒಂದೇ ಕೈ ನೀರು ಬಡಿಯುತ್ತಿತ್ತು. ಎದುರಿಗೆ ದಂಡೆ ಇನ್ನೂ ಹತ್ತಿರ ಬಂದಿತ್ತು. ಈಗ ಅದರ ಮುಂದೆ ನಿಂತವುಗಳೂ ಕಂಡವು, ಹಿನ್ನೀರಿನಲ್ಲಿ ಅರ್ಧ ಮುಳುಗಿದ ಜಾಲಿಮರಗಳು. ಮುಳ್ಳಿನ ತಲೆಗಳು ನೀರಿನ ಮೇಲೆ ತೂಗುತ್ತಿದ್ದವು. ಅಪ್ಪನನ್ನು ಹಿಡಿದುಕೊಂಡಂಥವೇ ಮರಗಳು. ಆಕೆಗೆ ತಾನು ಮಾಡಿದ್ದು ತಿಳಿಯಿತು. ಹಗ್ಗ ಬೇಡ ಎಂದವಳು ತಾನು, ದಂಡೆ ಬೇಕು ಎಂದವಳೂ ತಾನು. ಆದರೆ ಅಳಲು ಪುರುಸೊತ್ತಿರಲಿಲ್ಲ.

ಕಂಬ. ಕಣದ ಕಂಬದ ಮೇಲಿಂದ ಕಣ್ಣು ತೆಗೆಯಬಾರದು.

ಕುತ್ತಿಗೆ ಹಿಂದಕ್ಕೆ ತಿರುಚಿ, ಆ ತಲೆಯ ಮೇಲೆ ಕಣ್ಣು ನೆಟ್ಟು, ಕೋಲನ್ನು ಇನ್ನೂ ಎಳೆದಳು. ದೋಣಿ ದಂಡೆಗೆ ಬೆನ್ನು ಹಾಕತೊಡಗಿತು. ಮೈಯೆಲ್ಲ ಬೇಡ ಬೇಡ ಎನ್ನುತ್ತಿತ್ತು. ದಂಡೆ ಬಿಟ್ಟು ನಡುಹೊಳೆಗೆ, ಗಾಳಿಯ ಬಾಯಿಗೆ ಹೋಗುವುದು ಯಾವ ಅಂಬಿಗನೂ ಮಾಡುವ ಕೆಲಸವಲ್ಲ. ಸುತ್ತು ಪೂರ್ತಿ ಮಾಡು, ನಡುವೆ ನಿಲ್ಲಬೇಡ. ಮೂಗು ಗಾಳಿಗೆ ಎದುರಾಯಿತು. ಹಾಯಿಗಳು ಕಿವಿ ಕಿತ್ತುಹೋಗುವಂತೆ ಬಡಿದುಕೊಂಡವು. ಮೂಗು ದಾಟಿತು. ಸಣ್ಣ ಹಾಯಿಯ ಹಗ್ಗಕ್ಕೆ ಕೈ ಹೋಯಿತು. ಮುಟ್ಟಲಿಲ್ಲ. ಹಾಯಿ ಉಲ್ಟಾ ತುಂಬಿಕೊಂಡಿತು. ಕೋಲನ್ನು ಗಾಳಿ ಹೋಗುವ ಕಡೆಗೆ ನೂಕಿ ಕಟ್ಟಿದಳು. ಎಮ್ಮೆ ಒಮ್ಮೆ ನಡುಗಿ, ತಲೆ ತಗ್ಗಿಸಿ, ನಿಂತಿತು.

ಮಳೆಯ ನಡುವೆ ಅದೆಂಥ ನೆಮ್ಮದಿ ಎಂದು ಆಕೆ ಆಮೇಲೆ ಹೇಳುತ್ತಿದ್ದಳು. ದೋಣಿ ಇರುವಲ್ಲೇ ಏರಿ ಇಳಿಯುತ್ತ, ನಿಧಾನವಾಗಿ ಅಡ್ಡಕ್ಕೆ ಜಾರುತ್ತ, ಖಂಡಪ್ಪನ ಕಡೆಗೇ ಹೋಗುತ್ತಿತ್ತು. ಅವನ ಮುಖ ಈಗ ಕಾಣುತ್ತಿತ್ತು. ತುಟಿ ನೀಲಿಯಾಗಿತ್ತು. ಬಲಗೈ ಜೋತು ಬಿದ್ದಿತ್ತು. ಹೊಳೆಯ ಮಗ, ಈಜು ಬಲ್ಲವನು, ಆದರೆ ಒಂಟಿ ಕೈಯಲ್ಲಿ ಎಷ್ಟು ಹೊತ್ತು?

ನೀರಿಗೆ ಬಿದ್ದವರಿಗೆ ಎಸೆಯಲೆಂದು ಖಂಡಪ್ಪ ಇಟ್ಟಿದ್ದ ಹಗ್ಗದ ಸುರುಳಿ ಆಕೆಯ ಕಾಲ ಬಳಿ ಬಿದ್ದಿತ್ತು. ತುದಿಯಲ್ಲಿ ತೇಲುವುದಕ್ಕೆಂದು ಎಣ್ಣೆಯ ಖಾಲಿ ಡಬ್ಬಿ, ಅದರ ಹಿಂದೆ ಕುಣಿಕೆ. ರೇವಮ್ಮ ಎತ್ತಿಕೊಂಡಳು. ಕೈ ತಡೆಯಿತು. ಕುಡಗೋಲು ನೆನಪಾಯಿತು, ಹಗ್ಗದೊಳಗೆ ಹೂತು ಹೋಗಿದ್ದ ಅಪ್ಪನ ಸೊಂಟ ನೆನಪಾಯಿತು. ಅಷ್ಟರಲ್ಲಿ ಖಂಡಪ್ಪ ಮತ್ತೊಮ್ಮೆ ಮುಳುಗಿದ. ಅವನು ಮೇಲೆ ಬರುವ ತನಕ ಆಕೆ ಉಸಿರಾಡಲಿಲ್ಲ. ಬಂದ ಕೂಡಲೇ ಎಸೆದಳು. ಡಬ್ಬಿ ಅವನ ಆಚೆಗೆ ಬಿತ್ತು, ಹಗ್ಗ ಅವನ ಕೈಗೆ ಸಿಕ್ಕಿತು. ಅವನು ಬೆರಳಿನಿಂದ ಹಿಡಿದುಕೊಂಡ. ಅಲೆ ಬಂತು, ಹಗ್ಗ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು.

"ಮೈಗೆ ಹಾಕ್ಕೋ," ಎಂದು ಕೂಗಿದಳು ರೇವಮ್ಮ.

ಅವನು ಆಕೆಯ ಮುಖ ನೋಡಿದ. ಅಂಥ ಹೊತ್ತಿನಲ್ಲೂ ಅನುಮಾನಿಸಿದ. ಹೆಂಡತಿಗೆ ಕೊಟ್ಟ ಮಾತು ನೀರಿನಲ್ಲೂ ನೆನಪಿತ್ತು ಆ ಮನುಷ್ಯನಿಗೆ.

"ಲೇ ಖಂಡಪ್ಪಾ, ಹಗ್ಗ ಮೈಗೆ ಹಾಕ್ಕೋಳೋ. ನಾ ಹೇಳಾಕತ್ತೇನಿ."

ಲಗ್ನವಾದಾಗಿನಿಂದ ಗಂಡನ ಹೆಸರು ಆಕೆಯ ಬಾಯಲ್ಲಿ ಬಂದಿರಲಿಲ್ಲ. ಖಂಡಪ್ಪ ಕುಣಿಕೆಯೊಳಗೆ ತಲೆ ತೂರಿಸಿ, ಪೆಟ್ಟಾಗದ ತೋಳನ್ನೂ ತೂರಿಸಿ, ಕಂಕುಳ ಕೆಳಗೆ ಸಿಕ್ಕಿಸಿಕೊಂಡ. ರೇವಮ್ಮ ಹಗ್ಗವನ್ನು ದೋಣಿಯ ಕಬ್ಬಿಣದ ಗೂಟಕ್ಕೆ ಸುತ್ತು ಹಾಕಿದಳು. ಅಲೆ ಅವನನ್ನು ಎತ್ತಿದಾಗ ಸಡಿಲಾದಷ್ಟು ಎಳೆದುಕೊಳ್ಳುವುದು, ಇಳಿದಾಗ ಗೂಟದ ಮೇಲೆ ಬಿಟ್ಟು ತಡೆಯುವುದು. ಆಳದ ಬಾವಿಯಿಂದ ತುಂಬಿದ ಕೊಡ ಸೇದಿದ ಕೈ ಅದು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ದೋಣಿಯ ಹಿಂಬದಿಯ ಮೆಟ್ಟಿಲಿನ ತನಕ ಬಂದವನು ಒಂದು ಕಾಲು ಇಟ್ಟ, ಜಾರಿದ. ಹಗ್ಗ ಹಿಡಿಯಿತು. ಮತ್ತೆ ಇಟ್ಟ. ಆಕೆ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು ಒಳಗೆ ಹಾಕಿಕೊಂಡು, ಅವನ ಮೇಲೆಯೇ ಬಿದ್ದಳು. ಆಗ ಅತ್ತಳು.

ಮಳೆ ನಿಂತ ಮೇಲೆ ಸಣ್ಣ ಹಾಯಿಯೊಂದರಲ್ಲೇ ದೋಣಿಯನ್ನು ಮೆಲ್ಲಗೆ ದಂಡೆಗೆ ತಂದರು. ಅವರನ್ನು ಹುಡುಕಲು ಹರಗೋಲು ಹಾಕಿದ್ದ ಮಾಳಿಂಗ ಕಾಕಾ ಮೊದಲು ಸಿಕ್ಕ. ದಂಡೆಯಲ್ಲಿ ಜನ ಮುತ್ತಿದರು. ಯಾರೋ ಕಂಬಳಿ ಹೊದಿಸಿದರು, ಇನ್ಯಾರೋ ಚಹಾ ತಂದರು. ನಡೆದದ್ದನ್ನು ಖಂಡಪ್ಪ ಚುಟುಕಾಗಿ ಹೇಳಿದ. ಅಡ್ಡಗೋಲು ಬಡಿಯಿತು ಎಂದಷ್ಟೇ ಹೇಳಿದ, ಯಾಕೆ ಬಡಿಯಿತು ಎಂಬುದನ್ನು ಬಿಟ್ಟ.

ಮಾಳಿಂಗ ಕಾಕಾ ಹೊಳೆಯ ಕಡೆ ತಿರುಗಿ ಕೈಮುಗಿದ. "ರೇವಮ್ಮ, ನಿಮ್ಮಪ್ಪನ ಪುಣ್ಯ ನೋಡವ್ವ. ಮೈಮ್ಯಾಲ ಹಗ್ಗ ಇರಲಿಲ್ಲ, ಅದಕ್ಕ ಉಳಿದ ನಿನ್ನ ಗಂಡ."

ಸುತ್ತ ನಿಂತವರು ತಲೆ ಆಡಿಸಿದರು. ಆಕೆಗೆ ಸುಮ್ಮನಿರಲು ಬಹಳ ಸುಲಭವಿತ್ತು. ಗಂಡ ದಾರಿ ಬಿಟ್ಟುಕೊಟ್ಟಿದ್ದ, ಊರು ಅಪ್ಪನ ಹೆಸರು ಹೇಳುತ್ತಿತ್ತು.

"ಇಲ್ಲ ಕಾಕಾ," ಎಂದಳು ರೇವಮ್ಮ. "ಚುಕ್ಕಾಣಿ ದಂಡಿ ಕಡೆ ತಿರುಗಿಸಿದಾಕಿ ನಾ. ಹಗ್ಗ ಬ್ಯಾಡ ಅಂದಾಕಿನೂ ನಾ. ಹಗ್ಗ ಇಲ್ಲದಕ್ಕ ಬಿದ್ದಾನ, ಹಗ್ಗಕ್ಕ ಉಳಿದಾನ."

ಜಹೀರುದ್ದೀನ ತನ್ನ ಹಾಯಿಯ ಹೊಲಿಗೆ ನೋಡುವ ನೆಪದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ರೇವಮ್ಮ ಅವನ ಹತ್ತಿರ ಹೋದಳು.

"ಜಹೀರಭಾಯಿ, ಟೇಪು ಐತೇನ್ರಿ ಕಿಸೆದಾಗ?"

"ಹಾಂ ಭಾಬಿ, ಇರ್ತದ. ಯಾಕ?"

"ಅವತ್ತು ನೀವು ತಂದದ್ದು ಎಮ್ಮಿಗಾತು. ನನ್ನ ಅಳತಿಗೆ ಒಂದು ಹೊಲೀರಿ. ದೀಪಾವಳಿಗೆ ಮೊದಲ ಬೇಕು."

ಕಂಬಳಿಯೊಳಗಿಂದ ಖಂಡಪ್ಪ ತಲೆ ಎತ್ತಿದ. ಜಹೀರುದ್ದೀನ ಟೇಪು ತೆಗೆದು, ಭಾಬಿಯ ಅಳತೆ ತಾನು ತೆಗೆಯುವುದು ಸರಿಯಲ್ಲವೆಂದು ಅದನ್ನು ಖಂಡಪ್ಪನ ಕೈಗೆ ಕೊಟ್ಟ. ಖಂಡಪ್ಪನಿಗೆ ಆಡುತ್ತಿದ್ದದ್ದು ಒಂದೇ ಕೈ. ಅವನು ಒಂದು ತುದಿ ಹಿಡಿದುಕೊಂಡ. ರೇವಮ್ಮ ಇನ್ನೊಂದು ತುದಿ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗಿ, ಟೇಪನ್ನು ಎದೆಗೆ ಸುತ್ತಿಕೊಂಡು ಅವನ ಮುಂದೆ ಬಂದು ನಿಂತಳು. ಹಗ್ಗದಂಥದ್ದನ್ನು ಮೈಗೆ ಸುತ್ತಿಕೊಂಡದ್ದು ಅದೇ ಮೊದಲು.

"ಎಷ್ಟು ಬಿಗೀ ಇರಬೇಕ್ರಿ?" ಎಂದು ಕೇಳಿದಳು.

"ಉಸಿರಾಡಾಕ ಬರಬೇಕು ಭಾಬಿ," ಎಂದ ಜಹೀರುದ್ದೀನ. "ಜಾರಬಾರದು."

ಆಕೆ ಟೇಪನ್ನು ಇನ್ನಷ್ಟು ಎಳೆದಳು. "ಹಿಡೀರಿ," ಎಂದಳು ಗಂಡನಿಗೆ. ಮಾತು ಮತ್ತೆ ರೀ ಆಗಿತ್ತು. ಖಂಡಪ್ಪ ಹಿಡಿದುಕೊಂಡ.